ಮೊಳೆಗೆ ನಿಂತವರು

ಮನೆಯೊಳಗೇ ಇರುತ್ತಾನೆ, ಮನೆಯನ್ನು ನೋಡುವುದಿಲ್ಲ. ಉಣ್ಣುವುದು ಬೇರೆಯವರ ಕೈಯಿಂದ, ನಿದ್ದೆ ಮಾಡುವುದು ನಿಂತ ಕಾಲಲ್ಲಿ. ಬಂದ ನೆಂಟರಿಗೆಲ್ಲ ಬೆನ್ನು ತೋರಿಸುತ್ತಾನೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವನು ಬಿದ್ದರೆ ಮನೆ ಬೀಳುವುದಿಲ್ಲ, ಮನೆಯವರು ಬೀದಿಗೆ ಬೀಳುತ್ತಾರೆ. ಯಾರು, ಹೇಳಿ ನೋಡೋಣ.

ಆಗಲ್ಲ ಬಿಡಿ. ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಊರಿನ ಬಾಡಿಗೆ ಮನೆಯಲ್ಲಿ ಹುಟ್ಟಿದವರನ್ನು ಬಿಟ್ಟರೆ ಬೇರೆ ಯಾರಿಗೂ ಈ ಒಗಟು ಬಿಡಿಸೋಕೆ ಬರಲ್ಲ. ಉತ್ತರ ನಾನೇ ಹೇಳುತ್ತೇನೆ. ಮೊಳೆ.

ಕಬ್ಬಿಣದ ಮೊಳೆಯಲ್ಲ. ನಮ್ಮ ಊರಲ್ಲಿ ಮೊಳೆ ಅಂದರೆ ಮನುಷ್ಯ.

ನಮ್ಮ ಊರಿಗೆ ಒಂದು ಕಟ್ಟುಪಾಡಿದೆ. ಎರಡೇ ಸಾಲು. ಬಾಡಿಗೆಯವರು ಗೋಡೆಗೆ ಮೊಳೆ ಹೊಡೆಯಬಾರದು. ಬಾಡಿಗೆಯವರ ಗೋಡೆ ಬರಿದಾಗಬಾರದು. ಮೊಳೆ ಹೊಡೆದರೆ ಗೋಡೆಗೆ ನೋವಾಗುತ್ತದೆ. ಗೋಡೆ ಒಡೆಯನದು, ಆದ್ದರಿಂದ ಒಡೆಯನಿಗೂ ನೋವಾಗುತ್ತದೆ. ಗೋಡೆ ಬರಿದಾದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ, ಹತ್ತು ಜನ ಕೂತು ಊಟ ಮಾಡುತ್ತಿದ್ದರೂ ಸರಿ. ಒಡೆಯ ಬಂದು ಬೀಗ ಹಾಕಬಹುದು. ಒಂದು ಸಲ ಹಾಗೆ ಹಾಕಿದ್ದಾರೆ. ಊಟ ಮಾಡುತ್ತಿದ್ದವರು ಕೈ ತೊಳೆಯದೆ ಎದ್ದು ಹೊರಗೆ ಬಂದರು.

ಹಾಗಾಗಿ ಪ್ರತಿ ಬಾಡಿಗೆ ಮನೆಯಲ್ಲೂ ಒಬ್ಬರು ಗೋಡೆಗೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ನಿಂತಿರುತ್ತಾರೆ. ಒಂದು ಮನೆಯಲ್ಲಿ ದೇವರ ಪಟ, ಒಂದು ಮನೆಯಲ್ಲಿ ಕ್ಯಾಲೆಂಡರು, ಒಂದು ಮನೆಯಲ್ಲಿ ಕನ್ನಡಿ, ಒಂದು ಮನೆಯಲ್ಲಿ ಗಡಿಯಾರ. ಇದಕ್ಕೆ ಮೊಳೆಗೆ ನಿಲ್ಲುವುದು ಅನ್ನುತ್ತೇವೆ. ಬೆಳಿಗ್ಗೆ ಅಪ್ಪ ಮೊಳೆಗೆ ನಿಲ್ಲುತ್ತಾನೆ, ಮಧ್ಯಾಹ್ನ ಅಮ್ಮ, ಸಂಜೆ ಮಕ್ಕಳು. ಹೊಸಬರ ಕೈ ತಾಗಿದ ಮೇಲೆಯೇ ಹಳಬರ ಕೈ ಬಿಡಬೇಕು. ಬರುವವರು "ಬಂದೆ" ಅನ್ನಬೇಕು. ಹೋಗುವವರು "ಹೋದೆ" ಅನ್ನಬೇಕು. ಹೆಣ್ಣು ನೋಡೋಕೆ ಬಂದವರು ನಮ್ಮಲ್ಲಿ ಮೊದಲು ಕೇಳುವುದು ಹಾಡು ಬರುತ್ತಾ ಅಂತ ಅಲ್ಲ. "ಎಷ್ಟು ಹೊತ್ತು ನಿಲ್ತಾಳೆ?"

ಒಡೆಯರ ಮನೆಗಳಲ್ಲಿ ಮಾತ್ರ ನಿಜವಾದ ಮೊಳೆಗಳಿವೆ. ಸಾಲಾಗಿ, ಒಂದರ ಪಕ್ಕ ಒಂದು, ಏನನ್ನೂ ತೂಗುಹಾಕದೆ. ವರ್ಷಕ್ಕೊಂದು ಸಲ ಒಡೆಯರು ಬಾಡಿಗೆ ಮನೆಗಳಿಗೆ ಬಂದು ಅಂಗೈಯಲ್ಲಿ ಗೋಡೆಗಳನ್ನು ಸವರುತ್ತಾರೆ. "ಗೋಡೆ ಹೇಗಿದೆ?" ಅನ್ನುತ್ತಾರೆ. "ಗೋಡೆ ಸುಖವಾಗಿದೆ," ಅನ್ನುತ್ತೇವೆ. ನೀವು ಹೇಗಿದ್ದೀರಿ ಅಂತ ಕೇಳುವ ಪದ್ಧತಿ ಇಲ್ಲ. ಕೇಳಿದರೆ ಏನು ಹೇಳಬೇಕು ಅಂತ ನಮಗೂ ಗೊತ್ತಿಲ್ಲ.

ನಾನು ಓದಿದ್ದು ಅರ್ಧ. ನಮ್ಮ ಶಾಲೆಯೂ ಬಾಡಿಗೆ ಕಟ್ಟಡ. ಕರಿಹಲಗೆಯನ್ನು ಮೇಷ್ಟರೇ ಹಿಡಿದು ನಿಲ್ಲುತ್ತಿದ್ದರು. ಎರಡೂ ಕೈ ಹಲಗೆಗೆ, ಬರೆಯೋಕೆ ಕೈ ಇಲ್ಲ. ನಾವು ಏನು ಬರೆದರೆ ಅದೇ ಪಾಠ. ನಾನು ಬರೆದದ್ದನ್ನು ಓದಿ ನನ್ನನ್ನು ಬಿಡಿಸಿದರು. ಮನೆಯಲ್ಲೂ ಹಾಗೇ. ನನ್ನ ಸರದಿಯಲ್ಲಿ ಒಂದು ಸಲ ದೇವರ ಪಟವನ್ನು ತಲೆಕೆಳಗು ಮಾಡಿ ಹಿಡಿದೆ. ನನ್ನ ಕೈಯಿಂದ ತಗೊಂಡವರು ನೋಡದೆ ಹಾಗೇ ಹಿಡಿದರು. ಮೂರು ದಿನ ಅಜ್ಜಿ ಹಣೆ ಅಂದುಕೊಂಡು ದೇವರ ಪಾದಕ್ಕೆ ಕುಂಕುಮ ಹಚ್ಚಿದಳು. ನಾಲ್ಕನೇ ದಿನ ಮೊಳೆಗೆ ನಿಂತಿದ್ದ ಅಪ್ಪ ಕತ್ತೆತ್ತಿ ನೋಡಿದ. ನನ್ನನ್ನು ಹೊಡೆಯಲಿಲ್ಲ. ಹೊಡೆಯೋಕೆ ಅವನ ಕೈ ಖಾಲಿ ಇರಲಿಲ್ಲ.

ಇರಲಿ. ಇದು ನನ್ನ ಕಥೆಯಲ್ಲ. ಹೊಲಿಯುವವಳ ಕಥೆ.

ಹೊಲಿಯುವವಳು ನಮ್ಮ ಬೀದಿಯ ಕೊನೆ ಮನೆಯಲ್ಲಿದ್ದಳು. ಅವಳು, ಅವಳ ಗಂಡ, ಇಬ್ಬರೇ. ಅವಳ ಎರಡೂ ಕೈ ಹೊಲಿಗೆಗೆ ಬೇಕು. ಹಾಗಾಗಿ ಗಂಡ ಒಂದು ಪಟ ಹಿಡಿದು ಮೊಳೆಗೆ ನಿಂತ. ಬದಲಿ ನಿಲ್ಲುವವರು ಯಾರೂ ಇರಲಿಲ್ಲ. ಬಂದ ದಿನ ನಿಂತವನು ಒಂಬತ್ತು ವರ್ಷ ನಿಂತ. ಮೊದಲ ವರ್ಷ ಕೈ ನೋಯುತ್ತಿತ್ತು. ಎರಡನೇ ವರ್ಷ ನೋಯುವುದು ನಿಂತಿತು. ಮೂರನೇ ವರ್ಷ ಕೈ ಕೆಳಗೆ ಬರುವುದೇ ನಿಂತಿತು. ಹಣೆಯನ್ನು ಗೋಡೆಗೆ ಆನಿಸಿ ನಿದ್ದೆ ಮಾಡುತ್ತಿದ್ದ. ಅವನ ಹಣೆಯ ಅಳತೆಗೆ ಗೋಡೆಯಲ್ಲಿ ಒಂದು ಗುಳಿ ಬಿತ್ತು, ಎರಡು ಹುಬ್ಬಿನ ಗುರುತು ಸಮೇತ. ಆ ಗೋಡೆ ಅವನಿಗೆ ಸರಿಹೋಗಿತ್ತು, ಅವನು ಆ ಗೋಡೆಗೆ ಸರಿಹೋಗಿದ್ದ. ಬೇರೆ ಗೋಡೆಗೆ ನಿಲ್ಲಿಸಿದರೆ ನಿಲ್ಲಲಾರ. ಕೂರುವುದು ಮರೆತುಹೋಗಿದೆ. ಬೀಳುವುದೊಂದು ಬರುತ್ತದೆ.

ಹೊತ್ತಿಗೆ ಸರಿಯಾಗಿ ಅವಳು ಅವನ ಕೈಗಳ ಕೆಳಗೆ ತೂರಿ, ಗೋಡೆಗೂ ಅವನಿಗೂ ನಡುವೆ ನಿಂತು ತುತ್ತು ಕೊಡುತ್ತಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಆಗ ಮಾತ್ರ.

"ಉಪ್ಪು ಸರಿಯಾಗಿದೆಯೇನ್ರೀ?"

"ಸರಿ ಇದೆ ಕಣೇ. ಹೊರಗೆ ಬಿಸಿಲಾ?"

"ಬಿಸಿಲೇ."

"ಇರಲಿ."

ಒಂಬತ್ತು ವರ್ಷ ಇದೇ ಮಾತು. ಮಳೆ ಬಂದ ದಿನ ಮಾತ್ರ ಒಂದು ಪದ ಬೇರೆ.

ಒಂದು ಬೆಳಿಗ್ಗೆ ಮನೆಯೊಡೆಯ ಬಂದ. ನಮ್ಮ ಬೀದಿಯ ಹನ್ನೊಂದು ಮನೆಯೂ ಅವನದೇ. ಬಂದವನು ಗೋಡೆಯನ್ನು ಸವರಿದ, ಹಸುವಿನ ಮೈ ಸವರುವ ಹಾಗೆ.

"ನೋಡಮ್ಮ, ಮನೆ ಬಿಡಬೇಕು. ಈ ಗೋಡೆ ನನಗೇ ಬೇಕು."

"ಯಾಕೆ ಯಜಮಾನ್ರೇ?"

"ನಮ್ಮಪ್ಪನ ಫೋಟೋ ಹಾಕಬೇಕು."

"ನಿಮಗೆ ಇನ್ನೂ ಹತ್ತು ಮನೆ ಇದೆ. ಅಲ್ಲೆಲ್ಲ ಗೋಡೆ ಇಲ್ವಾ?"

"ಇದೆ. ನಮ್ಮಪ್ಪನಿಗೆ ಇದೇ ಇಷ್ಟ."

"ಅವರು ಹೇಳಿದ್ರಾ?"

"ಸತ್ತವರು ಬಾಯಿಬಿಟ್ಟು ಹೇಳ್ತಾರೇನಮ್ಮ. ಮಗನಿಗೆ ಗೊತ್ತಾಗುತ್ತೆ."

"ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ ಯಜಮಾನ್ರೇ. ಇವರನ್ನ ಇಲ್ಲಿಂದ ಕಿತ್ತರೆ ಬಿದ್ದುಹೋಗ್ತಾರೆ."

ಒಡೆಯ ಅವಳ ಗಂಡನ ಬೆನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಳ್ಳೇ ಮೊಳೆ," ಅಂದ. "ಆದರೆ ನನ್ನ ಹತ್ರ ಕಬ್ಬಿಣದ್ದಿದೆ."

ಮೊದಲು ನೀರು ನಿಂತಿತು. ನಲ್ಲಿ ತಿರುಗಿಸಿದರೆ ಗಾಳಿ ಬಂತು, ಆಮೇಲೆ ಅದೂ ಬರಲಿಲ್ಲ. ಅವಳು ಪಕ್ಕದ ಬೀದಿಯಿಂದ ಹೊತ್ತು ತಂದಳು. ಆಮೇಲೆ ಬಾಗಿಲು ಹೋಯಿತು. ಬಾಗಿಲಿಗೆ ಎಣ್ಣೆ ಹಚ್ಚಿಸಬೇಕು ಅಂತ ಒಡೆಯನ ಆಳುಗಳು ಅದನ್ನು ಕಿತ್ತು ಹೊತ್ತುಕೊಂಡು ಹೋದರು. ಎಣ್ಣೆ ಹಚ್ಚುವುದು ಇನ್ನೂ ಮುಗಿದಿಲ್ಲ. ಅವಳು ಬಾಗಿಲಿನ ಜಾಗದಲ್ಲಿ ಒಂದು ಹಳೇ ಸೀರೆ ಕಟ್ಟಿದಳು. ಆಮೇಲೆ ಒಡೆಯ ತಾನೇ ದಿನಾ ಬರತೊಡಗಿದ. ಗಂಡನ ಕೈಯಿಂದ ಪಟ ಬಿದ್ದರೆ ಸಾಕು, ಗೋಡೆ ಬರಿದಾಗುತ್ತದೆ. ಬಂದವನು ಕೈ ಮುಗಿದು ನಮಸ್ಕಾರ ಹೇಳುತ್ತಿದ್ದ, ಗಂಡನೂ ಮರೆತು ಕೈ ಮುಗಿಯಲಿ ಅಂತ. ಅವನ ಪಕ್ಕೆಗೆ ಕೋಳಿಗರಿ ಆಡಿಸುತ್ತಿದ್ದ. ಒಂದು ದಿನ "ಹಿಡ್ಕೋ" ಅಂತ ನಿಂಬೆಹಣ್ಣು ಎಸೆದ. ಈ ಉಪಾಯ ನನಗೂ ಹೊಳೆದಿರಲಿಲ್ಲ, ಒಪ್ಪಿಕೊಳ್ಳಬೇಕು. ನಿಂಬೆಹಣ್ಣು ಗಂಡನ ಬೆನ್ನಿಗೆ ಬಡಿದು ಕೆಳಗೆ ಉರುಳಿತು. ಅವನು ಹಿಡಿಯಲಿಲ್ಲ. ಹೊಲಿಯುವವಳು ಅದನ್ನು ಎತ್ತಿಕೊಂಡು ಚಿತ್ರಾನ್ನ ಮಾಡಿದಳು.

ನೀರಿಲ್ಲದ ಹನ್ನೆರಡನೇ ದಿನ ಅವಳು ನ್ಯಾಯದ ಕಟ್ಟೆಗೆ ಹೋದಳು.

ಕಟ್ಟೆಯ ಹಿಂದೆ ಒಂದು ಕೋಣೆ ಇದೆ. ಅದೂ ಬಾಡಿಗೆಯದೇ, ಯಾರದು ಅಂತ ಯಾರೂ ಕೇಳಿಲ್ಲ. ಅಲ್ಲಿಯ ಗೋಡೆಗೆ ಬಾಡಿಗೆಯವರ ಹಕ್ಕಿನ ಹಾಳೆ ಇದೆ, ಆಳೆತ್ತರದ್ದು. ಅದನ್ನು ಗುಮಾಸ್ತ ಹಿಡಿದಿದ್ದಾನೆ. ಹಾಳೆ ದೊಡ್ಡದು, ಕೈಯಲ್ಲಷ್ಟೇ ಹಿಡಿದರೆ ನಡುವೆ ಜೋಲುತ್ತದೆ. ಆದ್ದರಿಂದ ಅವನು ಬೆನ್ನನ್ನು ಹಾಳೆಗೆ ಒತ್ತಿ, ಕೈಕಾಲು ಅಗಲಿಸಿ, ಬಂದವರಿಗೆ ಮುಖ ಕೊಟ್ಟು ನಿಂತಿದ್ದಾನೆ. ಊರಿನ ಮೊಳೆಗಳಲ್ಲಿ ಮುಖ ಕಾಣುವುದು ಅವನೊಬ್ಬನದೇ. ಹಕ್ಕು ಅವನ ಹಿಂದೆ ಇದೆ.

"ಅಣ್ಣಾ, ಹಾಳೆ ಓದಬೇಕಿತ್ತು."

"ಓದು ತಂಗೀ. ಓದೋ ಹಕ್ಕು ಎಲ್ಲರಿಗೂ ಇದೆ."

"ನೀವು ಅಡ್ಡ ಇದ್ದೀರಲ್ಲ."

"ನಾನು ಇಲ್ಲದಿದ್ರೆ ಹಾಳೆ ಬೀಳುತ್ತೆ. ಬಿದ್ದ ಹಾಳೆ ಹಕ್ಕಾಗಲ್ಲ, ಕಸ ಆಗುತ್ತೆ."

"ಅದರಲ್ಲಿ ಏನಿದೆ ಅಂತ ನೀವಾದ್ರೂ ಹೇಳಿ."

"ಇಪ್ಪತ್ತು ವರ್ಷದಿಂದ ಒತ್ತಿಕೊಂಡು ನಿಂತಿದ್ದೀನಿ. ಬೆನ್ನಿಗೆ ಓದೋಕೆ ಬರಲ್ಲ ತಂಗೀ."

ಗುಮಾಸ್ತ ಕೆಟ್ಟವನಲ್ಲ. ಎಡಗೈಯನ್ನು ಒಂದು ಗೇಣು ಮೇಲೆ ಸರಿಸಿದ. ಅವಳು ಅವನ ಕಂಕುಳ ಕೆಳಗೆ ಬಗ್ಗಿ ಓದಿದಳು: ಜಗಳ ಏನೇ ಇರಲಿ, ಒಡೆಯನು ನೀರು ನಿಲ್ಲಿಸತಕ್ಕದ್ದಲ್ಲ. ಮರುದಿನ ಬಲಗೈ ಸರಿಸಿದ. ಒಡೆಯನು ಬಾಗಿಲು, ಕಿಟಕಿ ಕೀಳತಕ್ಕದ್ದಲ್ಲ. ಅದರ ಮರುದಿನ ಅವಳು ನೆಲದ ಮೇಲೆ ಕೂತು ಅವನ ಕಾಲುಗಳ ನಡುವೆ ಓದಿದಳು: ಮನೆ ತನಗೇ ಬೇಕೆನ್ನುವ ಒಡೆಯನು ಯಾಕೆ ಬೇಕೆಂದು ಕಟ್ಟೆಯ ಮುಂದೆ ತೋರಿಸತಕ್ಕದ್ದು, ಬರಿಯ ಮಾತು ಸಾಲದು. ದಿನಕ್ಕೆ ಒಂದು ಸಾಲು. ಅದಕ್ಕಿಂತ ಹೆಚ್ಚು ಗುಮಾಸ್ತನ ಸೊಂಟ ತಡೆಯುತ್ತಿರಲಿಲ್ಲ. ಅವನ ಹೆಗಲ ಮೇಲುಗಡೆ ಎರಡು ಪದ ಇಣುಕುತ್ತಿದ್ದವು: ಗೋಡೆಯ ವಿಷಯ. ಅದರ ಕೆಳಗಿನದೆಲ್ಲ ಅವನ ಬೆನ್ನ ಹಿಂದೆ.

"ಅಲ್ಲಿ ಏನಿದೆ ಅಣ್ಣಾ?"

"ಅಲ್ಲಿ ಬೆವರಿದೆ ತಂಗೀ."

ಅವಳು ಒಡೆಯನ ಹತ್ತಿರ ಹೋಗಿ ಹೇಳಿದಳು, "ನೀರು ನಿಲ್ಲಿಸೋ ಹಾಗಿಲ್ಲ ಯಜಮಾನ್ರೇ. ಹಾಳೆಯಲ್ಲಿದೆ."

"ಹಾಳೆಯಲ್ಲಿ ಎಲ್ಲಿ?"

"ಗುಮಾಸ್ತರ ಎಡಗಂಕುಳ ಕೆಳಗೆ."

ಒಡೆಯ ಹೋಗಿ ನೋಡಿದ. ಗುಮಾಸ್ತನ ಕೈ ಕೆಳಗೆ ಬಂದಿತ್ತು. ಒಡೆಯ ವಾಪಸು ಬಂದು ಹೇಳಿದ, "ಕಂಕುಳು ಇದೆ. ಸಾಲು ಇಲ್ಲ."

ನಮ್ಮ ಊರಿನ ವಾಡಿಕೆ ಹೀಗಿದೆ. ಒಬ್ಬರು ಓದಿದರೆ ಅದು ಸುದ್ದಿ. ಬಾಡಿಗೆಯವರು ಐದು ಜನ ಒಟ್ಟಿಗೆ ನಿಂತು ಓದಿದರೆ ಅದು ಹಕ್ಕು. ಕಟ್ಟೆಯ ಹಿರಿಯ ಇಬ್ಬರನ್ನೂ ಕರೆಸಿ ಕೂರಿಸಿಕೊಂಡ. ಒಡೆಯನಿಗೆ ಮಣೆ ಕೊಟ್ಟರು. ಅವಳು ನಿಂತಳು, ನಿಲ್ಲುವುದು ಬಾಡಿಗೆಯವರಿಗೆ ಅಭ್ಯಾಸ ಇದೆ ಅಂತ ಅವಳಿಗೆ ಮಣೆ ತರಲಿಲ್ಲ.

"ನೀನು ಓದಿದೆ ಅಂತೀಯ," ಅಂದ ಹಿರಿಯ. "ಅವನು ಕಾಣಲಿಲ್ಲ ಅಂತಾನೆ. ನಾನು ಯಾರನ್ನ ನಂಬಲಿ?"

"ನೀವೇ ಒಂದು ಸಲ ಬಗ್ಗಿ ನೋಡಬಹುದಲ್ಲ ಸ್ವಾಮಿ."

"ನನಗೆ ಬಗ್ಗೋಕಾಗಲ್ಲಮ್ಮ, ವಯಸ್ಸಾಯ್ತು. ಸೋಮವಾರ ಹತ್ತು ಗಂಟೆಗೆ ಬಾ. ಇನ್ನು ನಾಲ್ಕು ಜನರನ್ನ ಕರ್ಕೊಂಡು ಬಾ. ಐದು ಜನ ಓದಿದರೆ ಗೋಡೆ ನಿನ್ನದು, ಅಂದರೆ ಇವನದೇ, ಆದರೆ ನೀನು ಇರಬಹುದು. ಬರದಿದ್ದರೆ ಅವತ್ತೇ ಖಾಲಿ ಮಾಡಬೇಕು."

"ಸೋಮವಾರದವರೆಗೆ ನೀರು?"

"ಅದು ಸೋಮವಾರದ ವಿಷಯ," ಅಂದ ಹಿರಿಯ.

ನಮ್ಮ ಊರಲ್ಲಿ ಬಾಡಿಗೆಯವರಿಗೆ ಬರವಿಲ್ಲ. ಆದರೆ ಎಲ್ಲರ ಕಣ್ಣೂ ಗೋಡೆ ಕಡೆಗಿದೆ. ಅವಳು ಮನೆಯಿಂದ ಮನೆಗೆ ಹೋದಳು. ಪ್ರತಿ ಮನೆಯಲ್ಲೂ ಒಂದು ಬೆನ್ನು ಅವಳ ಜೊತೆ ಮಾತಾಡಿತು.

ಗಡಿಯಾರದ ಮನೆಯವನು ಕೇಳಿದ, "ಹತ್ತು ಗಂಟೆ ಆಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನು ಗಡಿಯಾರದ ಕೆಳಗಿದ್ದೀನಿ. ಇಡೀ ಬ್ರಹ್ಮಾಂಡಕ್ಕೆ ಗಂಟೆ ಕಾಣುತ್ತೆ, ನನಗೆ ಕಾಣಲ್ಲ."

"ನಾನೇ ಬಂದು ಬಾಗಿಲು ತಟ್ತೀನಿ ಅಣ್ಣಾ. ಅಷ್ಟು ಹೊತ್ತು ನಿಮ್ಮ ತಮ್ಮ ನಿಲ್ಲಲಿ."

"ಹಾಗಾದ್ರೆ ಬರ್ತೀನಿ ಬಿಡು."

ಕ್ಯಾಲೆಂಡರಿನ ಮನೆಯವನು ನಗುತ್ತಾ ಕೇಳಿದ, "ಸೋಮವಾರ ಅಂದರೆ ಯಾವ ವರ್ಷದ ಸೋಮವಾರ? ನಮ್ಮನೇಲಿ ಹಾಳೆ ತಿರುಗಿಸೋಕೆ ಕೈ ಇಲ್ಲ, ಏಳು ವರ್ಷದಿಂದ ಒಂದೇ ಆಷಾಢ." ಅವಳೂ ನಕ್ಕಳು. ಅವನು ಬರುತ್ತೇನೆ ಅಂದ.

ಕನ್ನಡಿಯ ಮನೆಯವಳು ಮಾತ್ರ ಕನ್ನಡಿಯ ಅಂಚಿನಲ್ಲಿ ಅವಳನ್ನು ನೋಡುತ್ತಾ ಮಾತಾಡಿದಳು.

"ನಾನು ಬಂದರೆ ಒಡೆಯ ನೋಡ್ತಾನಲ್ವಾ ಅಕ್ಕ?"

"ನೋಡ್ತಾನೆ."

"ನಾಳೆ ಅವರಪ್ಪನಿಗೆ ನನ್ನ ಗೋಡೆ ಮೇಲೂ ಇಷ್ಟ ಹುಟ್ಟುತ್ತೆ."

"ಹುಟ್ಟಿದರೆ ನಿನ್ನ ಜೊತೆ ನಾನು ಬರ್ತೀನಿ."

ಕನ್ನಡಿಯವಳು ಕನ್ನಡಿಯನ್ನು ಗೋಡೆಗೆ ಇನ್ನಷ್ಟು ಒತ್ತಿದಳು. ಆಮೇಲೆ "ಆಯ್ತು ಅಕ್ಕ, ಬರ್ತೀನಿ," ಅಂದಳು.

ನಾಲ್ಕನೆಯದು ನಮ್ಮ ಮನೆ. ಆಗ ನಾನು ಮೊಳೆಗೆ ನಿಂತಿದ್ದೆ. ಅಜ್ಜಿ ಅವಳಿಗೆ ನೀರು ಕೊಟ್ಟಳು. ಅವಳು ಪೂರ್ತಿ ಚೊಂಬು ಕುಡಿದದ್ದು ನನಗೆ ಕೇಳಿಸಿತು.

"ನಿಮ್ಮ ಹುಡುಗನನ್ನ ಕಳಿಸಿ ಅಜ್ಜಿ. ಅಕ್ಷರ ಸಣ್ಣದು, ಅವನ ಕಣ್ಣು ಚುರುಕಾಗಿದೆ."

"ನಾನು ಅರ್ಧ ಓದಿದವನು ಅಕ್ಕ," ಅಂದೆ.

"ಅರ್ಧ ಸಾಕು. ಉಳಿದದ್ದು ನಾನು ಓದಿದ್ದೀನಿ."

"ಬಂದು ಇಲ್ಲದ್ದನ್ನ ಓದಿಬಿಟ್ಟರೆ?"

"ನಿನ್ನ ಚೇಷ್ಟೆ ನನಗೆ ಗೊತ್ತಿಲ್ವೇನೋ. ಬಾ."

"ಬರ್ತೀನಿ," ಅಂದೆ. ಅವಳು ಹಿಂದೆ ಇದ್ದದ್ದರಿಂದ ಗೋಡೆಗೆ ಹೇಳಿದೆ.

ಭಾನುವಾರ ಮಧ್ಯಾಹ್ನ ಅವಳು ಗಂಡನಿಗೆ ತುತ್ತು ಕೊಡುತ್ತಾ ಹೇಳಿದಳು, "ನಾಲ್ಕೂ ಮನೆಯವರು ಬರ್ತಾರಂತೆ ರೀ."

"ನಾಲ್ಕೂ?"

"ನಾಲ್ಕೂ."

"ಹೊರಗೆ ಬಿಸಿಲಾ?"

"ಬಿಸಿಲೇ."

"ಬಂದವರಿಗೆ ಕುಡಿಯೋಕೆ ನೀರು ತಂದಿಡು."

ಸೋಮವಾರ ಬೆಳಿಗ್ಗೆ ಅವಳು ನಾಲ್ಕು ಬಾಗಿಲು ತಟ್ಟಿದಳು. ನಾಲ್ಕೂ ತೆರೆದವು. ಗಡಿಯಾರದವನು ಗಡಿಯಾರ ಎತ್ತಿಕೊಂಡೇ ಬಂದ, ಕ್ಯಾಲೆಂಡರಿನವನು ಕ್ಯಾಲೆಂಡರು ಹಿಡಿದೇ ಬಂದ, ಕನ್ನಡಿಯವಳು ಕನ್ನಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಬದಲಿಯವರನ್ನು ನಿಲ್ಲಿಸಿ ಬರಬಹುದಿತ್ತು. ಯಾರೂ ನಿಲ್ಲಿಸಲಿಲ್ಲ. ನಾನು ದೇವರ ಪಟ ತಂದೆ, ಸರಿಯಾಗಿ, ತಲೆ ಮೇಲಾಗಿ. ನಮ್ಮ ಹಿಂದೆ ನಾಲ್ಕು ಗೋಡೆ ಬರಿದಾದವು. ಕನ್ನಡಿಯಿಂದ ಬಿಸಿಲು ಎದ್ದು ಬೀದಿಯ ಎರಡೂ ಬದಿಯ ಮನೆಗಳ ಮೇಲೆ ಓಡಾಡಿತು. ಮೊಳೆಗೆ ನಿಂತವರು ಅದನ್ನು ಕಿಟಕಿಯಲ್ಲಿ ಕಂಡು ಕತ್ತು ತಿರುಗಿಸಿದರು.

ಕಟ್ಟೆಯ ಕೋಣೆಯಲ್ಲಿ ನಾವು ತಂದದ್ದನ್ನೆಲ್ಲ ನೆಲಕ್ಕಿಟ್ಟೆವು. ನಾಲ್ಕು ಜನ ಹಾಳೆಯ ನಾಲ್ಕು ಮೂಲೆ ಹಿಡಿದೆವು.

"ಬಂದೆವು," ಅಂದೆವು.

ಗುಮಾಸ್ತ ಸ್ವಲ್ಪ ಹೊತ್ತು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ "ಹೋದೆ," ಅಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಹೆಜ್ಜೆ ಮುಂದೆ ಬಂದ. ಹಾಳೆಯ ನಡುವೆ ಅವನ ಬೆನ್ನಿನ ಆಕಾರದ ಕಲೆ ಇತ್ತು, ಬೋಂಡ ಕಟ್ಟಿದ ಕಾಗದದ ಹಾಗೆ. ಅಕ್ಷರಗಳು ಅಳಿಸಿರಲಿಲ್ಲ. ನಾನು ಓದಿದೆ: ಗೋಡೆಯ ವಿಷಯ. ಗೋಡೆ ಯಾರದೇ ಆಗಿರಲಿ, ಅದರೊಳಗೆ ಬಾಳುವವರು ತಮಗೆ ಬೇಕಾದ ಕಡೆ ಮೊಳೆ ಹೊಡೆದುಕೊಳ್ಳಬಹುದು.

"ಓದಿದಿರಾ?" ಅಂದ ಹಿರಿಯ.

"ಓದಿದೆ," ಅಂದೆವು, ಒಬ್ಬೊಬ್ಬರಾಗಿ, ಐದು ಸಲ.

ಒಡೆಯ ಜೇಬಿಗೆ ಕೈ ಹಾಕಿ, ಅಪ್ಪನ ಫೋಟೋಗೆ ಅಂತ ಇಟ್ಟುಕೊಂಡಿದ್ದ ಮೊಳೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಎಲ್ಲರೂ ಅವಳ ಮನೆಗೆ ಹೋದೆವು. ಗಡಿಯಾರದವನು ಮೊಳೆ ಹೊಡೆದ. ಮೂರು ಪೆಟ್ಟು. ಗಂಡನ ತಲೆಗೂದಲ ಮೇಲೆ ಸ್ವಲ್ಪ ಸುಣ್ಣ ಉದುರಿತು, ಅಷ್ಟೇ. ಗೋಡೆಗೆ ನೋವಾದಂತೆ ಕಾಣಲಿಲ್ಲ. ಪಟವನ್ನು ಅವನ ಕೈಯಿಂದ ಬಿಡಿಸಿ ಮೊಳೆಗೆ ಹಾಕಿದೆವು. ಕೈ ಹಾಗೇ ಮೇಲಿತ್ತು. ಅವಳು ಎಣ್ಣೆ ತಂದು ಅವನ ಹೆಗಲನ್ನು ತಿಕ್ಕಿದಳು. ಊಟದ ಹೊತ್ತಿನವರೆಗೂ ತಿಕ್ಕಿದಳು. ಕೈ ಬೆರಳಷ್ಟು ಬೆರಳಷ್ಟೇ ಕೆಳಗೆ ಬಂತು. ಮುಖದ ಹತ್ತಿರ ಬಂದಾಗ ಅವನು ಮೊದಲು ಮೂಗು ತುರಿಸಿಕೊಂಡ. ಬಹಳ ಹೊತ್ತು ತುರಿಸಿಕೊಂಡ. ಆಮೇಲೆ ತಿರುಗಿ ನಿಂತು ಒಂಬತ್ತು ವರ್ಷ ತಾನು ವಾಸವಿದ್ದ ಮನೆಯನ್ನು ನೋಡಿದ.

"ಇಷ್ಟೇನಾ?" ಅಂದ.

"ಇಷ್ಟೇ ರೀ," ಅಂದಳು ಅವಳು.

ಅವಳು ನಮ್ಮ ಮನೆಗೆ ಬಂದದ್ದು ನಿಜ. ನಾವು ಬರುತ್ತೇವೆ ಅಂದದ್ದು ನಿಜ. ಸೋಮವಾರ ಬೆಳಿಗ್ಗೆ ಅವಳು ನಾಲ್ಕು ಬಾಗಿಲು ತಟ್ಟಿದ್ದೂ ನಿಜ. ನಮ್ಮ ಬಾಗಿಲು ತಟ್ಟಿದಾಗ ನಾನು ಮೊಳೆಗೆ ನಿಂತಿದ್ದೆ. ಅವತ್ತು ಆ ಹೊತ್ತು ನನ್ನ ಸರದಿಯಲ್ಲ. ಅಪ್ಪನನ್ನು ಕೇಳಿ ಹಾಕಿಸಿಕೊಂಡಿದ್ದೆ. ಅಜ್ಜಿ ಒಳಗೇ ಕೂತಿದ್ದಳು, ಏಳಲಿಲ್ಲ. ಅವಳು ಎರಡು ಸಲ ತಟ್ಟಿದಳು, ಒಂದು ಸಲ ನನ್ನ ಹೆಸರು ಹಿಡಿದು ಕರೆದಳು, ಆಮೇಲೆ ಒಬ್ಬಳೇ ಹೋದಳು. ಉಳಿದ ಮೂರು ಬಾಗಿಲೂ ತೆರೆಯಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಆ ಗೋಡೆಯ ಮೇಲೆ ಒಡೆಯನ ಅಪ್ಪ ಇದ್ದ. ಹೊಲಿಯುವವಳೂ ಗಂಡನೂ ಎಲ್ಲಿಗೆ ಹೋದರು, ಅವನನ್ನು ಹೇಗೆ ಕರೆದುಕೊಂಡು ಹೋದಳು, ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ. ಎಲ್ಲರೂ ಗೋಡೆ ನೋಡುತ್ತಿದ್ದರು. ಹಾಳೆಯ ನಡುವೆ ಏನು ಬರೆದಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬಾಗಿಲು ತೆರೆದದ್ದು, ಬೀದಿಯಲ್ಲಿ ಬಿಸಿಲು ಓಡಾಡಿದ್ದು, ಓದಿದೆ ಅಂತ ಐದು ಸಲ ಅಂದದ್ದು, ಅವನು ಮೂಗು ತುರಿಸಿಕೊಂಡದ್ದು, ಅಷ್ಟೂ ನಾನು ಕಟ್ಟಿ ಹೇಳಿದ್ದು.